ತಣ್ಣಗಿದೆ

"ರೀ, ಕೈ! ಕೈ ಬಿಡ್ರೀ!"

ಹಾಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಒಲೆಯಿಂದ ಇಳಿಸಿದ್ದೇನೆಂದು ಅವನಿಗೆ ತಿಳಿದದ್ದು ಹೆಂಡತಿ ಕಿರುಚಿದ ಮೇಲೆ. ಹಾಲು ಇನ್ನೂ ಕೊತಕೊತ ಕುದಿಯುತ್ತಿತ್ತು. ಪಾತ್ರೆಯನ್ನು ನಿಧಾನವಾಗಿ ಕಟ್ಟೆಯ ಮೇಲಿಟ್ಟು ಬಲಗೈ ನೋಡಿಕೊಂಡ. ಬೆರಳುಗಳ ಮೇಲೆ ಕೆಂಪು ಬರೆ ಏಳುತ್ತಿತ್ತು. ನೋವಿರಲಿಲ್ಲ. ಬೇರೆ ಯಾರ ಕೈಗೋ ಆದದ್ದನ್ನು ಕಿಟಕಿಯಿಂದ ನೋಡಿದ ಹಾಗಿತ್ತು.

"ಉರಿಯಲ್ವಾ?"

"ಸ್ವಲ್ಪ."

"ಬೆಂಕಿ ಜೊತೆ ಇದ್ದೂ ಇದ್ದೂ ನಿಮ್ಮ ಚರ್ಮಾನೇ ದಪ್ಪ ಆಗಿದೆ." ಅವಳು ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಕೇಳಿದಳು. "ನಿಮ್ಮಕ್ಕ, ಭಾವ ಇವತ್ತು ಖಂಡಿತ ಹೋಗ್ತಾರಾ?"

ಅವನು ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ಕೈ ಮೇಲೆ ನೀರು ಬೀಳುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ.

ಅವನ ಕೆಲಸ ಇದ್ದದ್ದೇ ಆ ಕೈಯಲ್ಲಿ.

ಜ್ವಾಲೆ ಕಾಣುವಷ್ಟು ದಿನ ಕಾಡಿನ ಬೆಂಕಿ ಎಲ್ಲರದೂ ಆಗಿತ್ತು. ಹೆಲಿಕಾಪ್ಟರಿನವರದು, ಟೀವಿಯವರದು, ಮಂತ್ರಿಗಳದು. ಜ್ವಾಲೆ ಹೋದ ಮೇಲೆ ಅದು ಅವನೊಬ್ಬನದಾಯಿತು. ಬೂದಿ ಮುಚ್ಚಿದ ಕೆಂಡ ಎನ್ನುವುದು ಊರಿನವರಿಗೆ ಮಾತು, ಅವನಿಗೆ ಹುದ್ದೆ. ಸುಟ್ಟ ಮರದ ಬೇರಿನೊಳಗೆ ಬೆಂಕಿ ಹೊಗೆಯಿಲ್ಲದೆ, ಸದ್ದಿಲ್ಲದೆ, ವಾರಗಟ್ಟಲೆ ತೆವಳಿ ಬೇರೆಲ್ಲೋ ತಲೆಯೆತ್ತುತ್ತದೆ. ಅದಕ್ಕಾಗಿ ಬೆಂಕಿ ಆರಿಸುವ ತಂಡದವರು ಸಾಲಾಗಿ ಮಂಡಿಯೂರಿ, ಇಡೀ ಇಳಿಜಾರನ್ನು ಕೈಯ ಹಿಂಬದಿಯಿಂದ ಮುಟ್ಟುತ್ತ ಹೋಗುತ್ತಿದ್ದರು. ಅನುಮಾನ ಬಂದಲ್ಲಿ ಅವನನ್ನು ಕರೆಯುತ್ತಿದ್ದರು. ಮಗುವಿನ ಹಣೆ ನೋಡುವವನಂತೆ ಅವನು ನೆಲ ಮುಟ್ಟುತ್ತಿದ್ದ. ಅವರಿಟ್ಟ ಹೆಸರು ಜ್ವರದ ಡಾಕ್ಟ್ರು. ಡಾಕ್ಟ್ರು "ತಣ್ಣಗಿದೆ" ಎಂದರೆ ಸಾಲು ಮುಂದೆ ಸರಿಯುತ್ತಿತ್ತು, ಖಾಲಿ ಮಾಡಿಸಿದ್ದ ಬೀದಿಗಳಿಗೆ ಜನ ಮರಳುತ್ತಿದ್ದರು.

ಕಳೆದ ವಾರ ಅವನು ಮುಟ್ಟಿದ್ದೆಲ್ಲ ತಣ್ಣಗಿತ್ತು. ಒಂದೂ ಬಿಡದೆ. ಅವನಿಗೆ ಹೆಮ್ಮೆಯಾಗಿತ್ತು.

ಹಜಾರದಲ್ಲಿ ಅಕ್ಕ ಆಗಲೇ ಚೀಲ ಕಟ್ಟುತ್ತಿದ್ದಳು. ಅವಳ ಮನೆ ಇಳಿಜಾರಿನ ಬುಡದಲ್ಲಿ. ಬೆಂಕಿ ಗುಡ್ಡ ಹತ್ತಿದ ದಿನ ಗಂಡನನ್ನೂ ಬೆಕ್ಕನ್ನೂ ಕರೆದುಕೊಂಡು ಉಟ್ಟ ಬಟ್ಟೆಯಲ್ಲಿ ತಮ್ಮನ ಮನೆಗೆ ಬಂದವಳು. ಬೆಕ್ಕು ಎಂದಿನಂತೆ ಫ್ರಿಜ್ಜಿನ ಹಿಂದೆ, ಮೋಟಾರಿನ ಬಿಸಿಗೆ ಒತ್ತಿಕೊಂಡು ಮಲಗಿತ್ತು.

"ಏನಪ್ಪಾ ಡಾಕ್ಟ್ರೇ," ಭಾವ ಕುರ್ಚಿಯಿಂದಲೇ ಕೂಗಿದರು. "ಇವತ್ತಾದ್ರೂ ಡಿಸ್ಚಾರ್ಜ್ ಮಾಡ್ತೀಯೋ, ಇಲ್ಲ ಇನ್ನೂ ಅಡ್ಮಿಟ್ಟೋ?"

"ನೋಡ್ಬೇಕು ಭಾವ."

"ನೋಡಿ ನೋಡಿ ಕಣ್ಣು ಸವೆಯುತ್ತೆ ಕಣಯ್ಯ. ಒಂದು ಮಾತು ಅನ್ನೋಕೆ ಅಷ್ಟೊಂದು ಯೋಚನೆಯಾ?"

ಅಕ್ಕ ಬಾಗಿಲ ತನಕ ಬಂದು ದನಿ ತಗ್ಗಿಸಿದಳು. "ಪುಟ್ಟಾ, ನಿನ್ನ ಹೆಂಡ್ತಿ ಏನೂ ಅನ್ನಲ್ಲ. ಅದಕ್ಕೇ ಹೋಗ್ಬೇಕು ಅನ್ಸುತ್ತೆ."

ಅವನು ಬಲಗೈಯನ್ನು ಜೇಬಿಗೆ ಸೇರಿಸಿಕೊಂಡು ಹೊರಟ.

ಗುಡ್ಡದ ದಾರಿಗೆ ಅಡ್ಡ ಹಾಕಿದ್ದ ತಡೆಗಂಬದ ಬಳಿ, ಮನೆಗೆ ಮರಳಬೇಕಾದ ಜನ ಗಂಟುಮೂಟೆ ಹೇರಿದ ಗಾಡಿಗಳಲ್ಲಿ ಕಾಯುತ್ತಿದ್ದರು. ಅವನ ಜೀಪು ಹತ್ತಿರವಾದಂತೆ ಮಾತು ನಿಂತಿತು. ಆಪರೇಷನ್ ಕೋಣೆಯ ಬಾಗಿಲು ತೆರೆದಾಗ ನೋಡುವ ಹಾಗೆ ನೋಡಿದರು. ಅವನು ಬೂಟು ನೋಡಿಕೊಂಡ.

ಕೊನೆಯ ಇಳಿಜಾರು ಕರ್ರಗೆ, ಮೌನವಾಗಿ ಬಿದ್ದಿತ್ತು. ಹಕ್ಕಿಯಿಲ್ಲ, ಹುಳುವಿಲ್ಲ. ನೀರಿನ ಟ್ಯಾಂಕರು ಕೆಳಗೆ ನಿಂತಿತ್ತು. ತಂಡದವರು ಗುರುತು ಹಾಕಿದ ಒಂದು ಬುಡದ ಬಳಿ ಅವನು ಮಂಡಿಯೂರಿ ಬಲಗೈ ಇಟ್ಟ. ಏನಿಲ್ಲ. ಬೂದಿಯೂ ಇಲ್ಲ, ಮಣ್ಣೂ ಇಲ್ಲ. ಸ್ವಲ್ಪ ಹೊತ್ತು ಕಾದು ಎಡಗೈ ಇಟ್ಟ.

ಬಿಸಿ.

ಎದ್ದು ಮುಂದಿನ ಗುರುತಿಗೆ ಹೋದ. ಬಲಗೈಗೆ ಏನಿಲ್ಲ, ಎಡಗೈಗೆ ಬಿಸಿ. ಬೆಂಕಿಯೇ ತಾಗದಿದ್ದ ಬಂಡೆಯೊಂದರ ನೆರಳಿನಲ್ಲಿ ಎಡಗೈ ಇಟ್ಟ. ಬಿಸಿ. ಕೊನೆಗೆ ಟ್ಯಾಂಕರಿನ ಒದ್ದೆ ಪೈಪನ್ನು ಹಿಡಿದ. ಅದೂ ಬಿಸಿ. ಎಡಗೈ ಹೆದರಿ ಕೂತಿತ್ತು. ಬಲಗೈಗೆ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ನಡುವೆ ಅವನು, ಎರಡೂ ಕೈ ಇದ್ದೂ ಕೈಯಿಲ್ಲದವನು.

"ಏನ್ ಸಾರ್, ಇವತ್ತು ಎರಡೂ ಕೈಯಲ್ಲಿ ನೋಡ್ತಿದ್ದೀರಿ?" ಟ್ಯಾಂಕರಿನ ಡ್ರೈವರ್ ಹಲ್ಲು ಕಿರಿದ. "ಪೇಷಂಟು ಸೀರಿಯಸ್ಸಾ?"

"ಸುಮ್ನೆ."

"ಸುಮ್ನೆ ಅಂದ್ರೇನೇ ನಂಗೆ ಭಯ, ಸಾರ್. ನಮ್ಮನೇಲಿ ಅವಳು ಸುಮ್ನೆ ಅಂದ್ರೆ ಊಟ ಇಲ್ಲ ಅಂತ."

ಅವನು ನಗಲು ಪ್ರಯತ್ನಿಸಿದ. ಇವನನ್ನೇ ಕೇಳಬಹುದು. ಬಗ್ಗಿ ಒಂದು ಸಲ ಮುಟ್ಟು ಅಂದರೆ ಸಾಕು. ಆದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಕೈ. ಕೈ ಯಾವಾಗಿನಿಂದ ಎಂದರೆ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಕಳೆದ ವಾರ ತೆರೆದ ಬೀದಿಗಳೆಲ್ಲ ಮತ್ತೆ ಖಾಲಿಯಾಗಬೇಕು, ಮಲಗಿದ್ದ ಮಕ್ಕಳನ್ನೆಲ್ಲ ಮತ್ತೆ ಎಬ್ಬಿಸಬೇಕು.

"ಒಂದ್ಸಲ ನೀನು ಇಲ್ಲಿ—"

"ಏನ್ ಸಾರ್?"

"ನೀರು ಎಷ್ಟಿದೆ?"

"ಅರ್ಧ ಟ್ಯಾಂಕಿದೆ."

"ಸರಿ."

ವೈರ್‌ಲೆಸ್ಸು ಗರಗರ ಎಂದಿತು. ಮೇಲಧಿಕಾರಿಯ ದನಿ. "ಏನ್ರೀ, ಎಲ್ಲಿಗೆ ಬಂತು? ಇಲ್ಲಿ ಜನ ನನ್ನ ತಲೆ ತಿಂತಿದ್ದಾರೆ."

"ಸರ್, ಇನ್ನೊಂದು ಸಲ ಮೊದಲಿಂದ ನೋಡಿದ್ರೆ ಒಳ್ಳೇದು ಅಂತ..."

"ಮೊದಲಿಂದ ಅಂದ್ರೆ? ಎಲ್ಲಾದ್ರೂ ಬಿಸಿ ಸಿಕ್ತಾ?"

ಅವನು ಬಲಗೈ ನೋಡಿದ. ಬರೆ ಈಗ ಬೊಬ್ಬೆಯಾಗಿ ಹೊಳೆಯುತ್ತಿತ್ತು.

"ಇಲ್ಲ ಸರ್."

"ಮತ್ತೇನ್ರೀ ನಿಮ್ಮ ರಾಗ? ಇದೆಯೋ ಇಲ್ವೋ, ಒಂದು ಮಾತು ಹೇಳಿ."

ಅವನ ಬಾಯಿಗೆ ಬರುತ್ತಿದ್ದುದು ಒಂದೇ ಮಾತು. ವಾರವೆಲ್ಲ ಹೇಳಿ ಹೇಳಿ ನಾಲಿಗೆ ಅದಕ್ಕೇ ಪಳಗಿತ್ತು.

"ತಣ್ಣಗಿದೆ."

ಕೆಳಗೆ ತಡೆಗಂಬ ಮೇಲೆದ್ದಿತು. ಹಾರ್ನುಗಳು ಮದುವೆ ದಿಬ್ಬಣದ ಹಾಗೆ ಕೂಗತೊಡಗಿದವು. ನಾನು ಸುಳ್ಳು ಹೇಳಲಿಲ್ಲ, ಎಂದುಕೊಂಡ. ಕೈ ಹೇಳಿದ್ದನ್ನೇ ಹೇಳಿದೆ.

ಸಂಜೆ ಅಕ್ಕ, ಭಾವ, ಬೆಕ್ಕಿನ ಬುಟ್ಟಿ ಮೂರನ್ನೂ ಅವನೇ ಮನೆ ಮುಟ್ಟಿಸಿದ. ಹೊರಡುವಾಗ ಅವನ ಹೆಂಡತಿ ಅಕ್ಕನನ್ನು ಅಪ್ಪಿಕೊಂಡು ಅತ್ತಿದ್ದಳು. ಅಳು ನಿಜವಾಗಿಯೇ ಇತ್ತು. ಕೊನೆಯ ಸಲ ಬೀಳ್ಕೊಡುವ ಹಾಗಿದ್ದ ಅದು ಅವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

ಮನೆಗೆ ಏನೂ ಆಗಿರಲಿಲ್ಲ. ಕಿಟಕಿಯ ಅಂಚಿನಲ್ಲಿ ಬೂದಿಯ ತೆಳುಪದರ, ಪರದೆಯಲ್ಲಿ ಹೊಗೆಯ ವಾಸನೆ, ಅಷ್ಟೇ. ಅಡುಗೆಮನೆಯ ಹಿಂದಿದ್ದ ದೊಡ್ಡ ಮರ ಮಾತ್ರ ಸುಟ್ಟು ಮೋಟಾಗಿ ನಿಂತಿತ್ತು. ಅದರ ಬೇರು ಮನೆಯ ಅಡಿಗೆ ಹೋಗಿತ್ತು. ಅಡುಗೆಮನೆಯ ಹಾಸುಗಲ್ಲುಗಳನ್ನು ಒಂದು ಗೆರೆಯಾಗಿ ಎಬ್ಬಿಸಿ ಭಾವನಿಂದ ವರ್ಷಗಟ್ಟಲೆ ಬೈಸಿಕೊಂಡ ಬೇರು ಅದೇ. ಆ ಬುಡವನ್ನು ಕಳೆದ ವಾರ ಅವನೇ ಬಂದು ಮುಟ್ಟಿದ್ದ. ತಣ್ಣಗಿತ್ತು.

ಅಕ್ಕ ಕಿಟಕಿಗಳನ್ನೆಲ್ಲ ತೆರೆದಳು, ನೆಲ ಒರೆಸಿದಳು, ಒಲೆ ಹಚ್ಚಿದಳು. ಭಾವ ತಮ್ಮ ಕುರ್ಚಿಯಲ್ಲಿ ಕಾಲು ಚಾಚಿ, "ಪರರ ಮನೆ ಹಾಸಿಗೆಗಿಂತ ನಮ್ಮನೆ ಕುರ್ಚಿ ವಾಸಿ, ತಪ್ಪು ತಿಳ್ಕೋಬೇಡಪ್ಪ" ಎಂದರು.

"ಇಲ್ಲ ಭಾವ."

ಅಕ್ಕ ಬುಟ್ಟಿಯ ಮುಚ್ಚಳ ತೆಗೆದಳು. ಬೆಕ್ಕು ಹೊರಬಂದು ಗೋಡೆ ಮೂಸಿತು, ಬಾಗಿಲು ಮೂಸಿತು, ತನ್ನ ಹಳೆಯ ಗೋಣಿಯನ್ನು ಮೂಸಿ ಬಿಟ್ಟಿತು. ಅಡುಗೆಮನೆಗೆ ಹೋಗಿ, ಹಾಸುಗಲ್ಲು ಎದ್ದಿದ್ದ ಗೆರೆಯ ಮೇಲೆ ನಿಂತು, ಮುಂಗಾಲುಗಳಿಂದ ನೆಲವನ್ನು ಮೆಲ್ಲಗೆ ನಾದಿತು. ಅಲ್ಲೇ ಸುತ್ತಿಕೊಂಡು ಮಲಗಿತು.

"ನೋಡೋ ಇದನ್ನ," ಅಕ್ಕ ನಕ್ಕಳು. "ಬರಿ ನೆಲದ ಮೇಲೆ ಯಾವತ್ತೂ ಮಲಗಿದ್ದೇ ಇಲ್ಲ ಇದು. ಇಷ್ಟು ದಿನ ಮನೆ ಬಿಟ್ಟಿದ್ದು ಬಂದ್ಮೇಲೆ ನೆಲದ ಮೇಲೂ ಪ್ರೀತಿ ಬಂದಿದೆ."

ಅವನು ಬೆಕ್ಕಿನ ಪಕ್ಕ ಮಂಡಿಯೂರಿದ. ಬಲಗೈಯ ಹಿಂಬದಿಯನ್ನು ನೆಲಕ್ಕಿಟ್ಟ. ಏನಿಲ್ಲ. ಎಡಗೈ ಇಟ್ಟ. ಬಿಸಿ. ಆದರೆ ಅದಕ್ಕೆ ಬೆಳಗಿನಿಂದ ಒದ್ದೆ ಪೈಪೂ ಬಿಸಿಯಾಗಿತ್ತು.

"ಏನಯ್ಯಾ, ನಮ್ಮನೆ ನೆಲಕ್ಕೂ ಜ್ವರಾನಾ?" ಹಜಾರದಿಂದ ಭಾವನ ನಗು.

"ಅಕ್ಕಾ," ಎಂದ.

"ಏನೋ?"

"ಇಲ್ಲಿ ಸ್ವಲ್ಪ ಕೈ..."

ಅಕ್ಕ ಒದ್ದೆ ಕೈ ಝಾಡಿಸುತ್ತ ಬಂದಳು. ಅವಳ ಮುಖದಲ್ಲಿ, ಬೆಂಕಿ ಗುಡ್ಡ ಹತ್ತಿದ ದಿನದಿಂದ ಅವನು ಕಾಣದಿದ್ದ ನೆಮ್ಮದಿಯಿತ್ತು. ಆಗಲೇ ಬಗ್ಗಿದ್ದಳು.

"ಏನಿಲ್ಲ. ಧೂಳು," ಎಂದ.

"ಅಷ್ಟೇನಾ? ನಾಳೆ ಒರೆಸ್ತೀನಿ ಬಿಡು." ಅವಳು ನೆಟ್ಟಗಾಗಿ ಒಲೆಯ ಕಡೆ ತಿರುಗಿದಳು.

ಬೆಕ್ಕು ಕಣ್ಣು ಮುಚ್ಚಿಕೊಂಡೇ ಮೈಮುರಿಯಿತು. ಮಗ್ಗುಲು ಬದಲಿಸಿ, ಕಾದ ಬದಿಯನ್ನು ಮೇಲೆ ಮಾಡಿ, ಇನ್ನೊಂದು ಬದಿಯನ್ನು ನೆಲಕ್ಕೆ ಒತ್ತಿಕೊಂಡಿತು.