ದಿಣ್ಣೆ ಮೇಲಿನ ಮುತ್ತಾತ

“ಬೋಳಿಮಗನೆ, ಸರಪಣೀನ ನೆಲುಕ್ಕ ಬುಡ್ಲಾ. ಬುಟ್ಟು ದೂರ ಓಗಿ ನಿಂತ್ಕ. ಆಮೇಲ ನಾನ್ ಎತ್ಕತೀನಿ.”

ಸಾಹುಕಾರ ಪುಟ್ಟಮಲ್ಲಪ್ಪನವರು ಹೀಗೆ ಕೂಗಿದ್ದು ಮೂರನೇ ಸಲ. ಅಳತೆ ಸರಪಣಿಯ ಒಂದು ತುದಿ ಕೇರಿಯ ಚೆನ್ನಯ್ಯನ ಕೈಯಲ್ಲಿತ್ತು. ಇನ್ನೊಂದು ತುದಿ ಹಿಡಿಯಬೇಕಾಗಿದ್ದ ಶಾನುಭೋಗರು ಹೊಟ್ಟೆನೋವು ಎಂದು ಹೇಳಿಕಳಿಸಿದ್ದರಿಂದ ಆ ಕೆಲಸ ಸಾಹುಕಾರರ ಪಾಲಿಗೆ ಬಂದಿತ್ತು. ತಂತಿಯಲ್ಲಿ ಕರೆಂಟು ಹರಿಯುವ ಹಾಗೆ ಕಬ್ಬಿಣದ ಸರಪಣಿಯಲ್ಲಿ ಮೈಲಿಗೆಯೂ ಹರಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಆದ್ದರಿಂದ ಚೆನ್ನಯ್ಯ ಹಿಡಿದಾಗ ಅವರು ಬಿಡುತ್ತಿದ್ದರು, ಅವರು ಹಿಡಿದಾಗ ಚೆನ್ನಯ್ಯ ಬಿಡಬೇಕಾಗಿತ್ತು. ಅರ್ಧ ಗಂಟೆಯಾದರೂ ಹೊಳೆಯಂಚಿನ ಆ ಜೌಗು ನೆಲ ಒಂದು ಸರಪಣಿಯಷ್ಟೂ ಅಳತೆಯಾಗಿರಲಿಲ್ಲ.

“ಸಾ,” ಎಂದ ಚೆನ್ನಯ್ಯ, ಮೈಸೂರಿನಿಂದ ಜೀಪಿನಲ್ಲಿ ಬಂದಿದ್ದ ಆಫೀಸರಿಗೆ, ಕೈಕಟ್ಟಿ, ಬಹಳ ವಿನಯದಿಂದ. “ಇಂಗೇ ಅಳುದ್ರ ನಮ್ ಮೊಮ್ಮಕ್ಕಳ ಕಾಲುಕ್ಕ ಮುಗೀತದ. ಅವ್ರೂ ಬತ್ತಾರ, ಬುದ್ದಿಯೋರ ಮೊಮ್ಮಕ್ಕಳೂ ಬತ್ತಾರ. ಸರಪಣಿ ಮಾತ್ರ ತುಕ್ಕಿಡಿದಿರ್ತದ.”

ಆಫೀಸರು ವಾಚು ನೋಡಿಕೊಂಡು, ಬೈದುಕೊಂಡು, ತಾನೇ ತುದಿ ಹಿಡಿದ. ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು.

ಯಳಂದೂರಿನ ಮಗ್ಗುಲಿನ ಆ ಕೇರಿಯ ನಲವತ್ತೆರಡು ಒಕ್ಕಲಿಗೆ ಸರ್ಕಾರ ಮನೆ ನಿವೇಶನ ಕೊಡುತ್ತದಂತೆ. ಎಲ್ಲಿ ಕೊಡಬೇಕು ಎಂದು ನೋಡಲು ಈ ಆಫೀಸರು ಬಂದಿದ್ದ. ಎರಡು ಜಾಗ ಪಟ್ಟಿಯಲ್ಲಿದ್ದವು. ಒಂದು ಈ ಜೌಗು, ಪುಟ್ಟಮಲ್ಲಪ್ಪನವರದೇ ಜಮೀನು. ಅದನ್ನವರು ದಾನವಾಗಿ ಕೊಡಲು ಒಪ್ಪಿ, ಬೀದಿಗೆ ತಮ್ಮ ಹೆಸರಿಡಬೇಕೆಂದು ಬರೆದುಕೊಟ್ಟಿದ್ದರು. ಇನ್ನೊಂದು ಊರ ಮೇಲಿನ ಕಲ್ದಿಣ್ಣೆ, ಸರ್ಕಾರಿ ಗೋಮಾಳ. ಅದನ್ನು ತಮ್ಮ ಅಕ್ಕಿ ಮಿಲ್ಲಿಗೆ ಕೊಡಬೇಕೆಂದೂ ಅವರೇ ಅರ್ಜಿ ಹಾಕಿದ್ದರು. ದಾನ ಯಾಕೆ ಬಂತು ಅಂತ ಕೇರಿಯ ನಾಯಿಗೂ ಗೊತ್ತಿತ್ತು.

ಹಿಂದಿನ ವರ್ಷದ ಮಳೆಗೆ ಚೆನ್ನಯ್ಯನ ಗುಡಿಸಲಿನ ಗೋಡೆ ಕುಸಿದು ಮೊಮ್ಮಗಳ ಕಾಲು ಮುರಿದಿತ್ತು. ಮಗು ಈಗಲೂ ಕುಂಟುತ್ತದೆ. ಅದು ಅಂಗಳ ದಾಟಬೇಕಾದಾಗಲೆಲ್ಲ ಅವನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಣಗಿದ ನೆಲ, ಅಷ್ಟೇ. ಬೀದಿಗೆ ಕತ್ತೆಯ ಹೆಸರಿಟ್ಟರೂ ಅವನದೇನೂ ತಕರಾರಿರಲಿಲ್ಲ.

ಆಫೀಸರ ಕೈಯಲ್ಲಿ ಉದ್ದನೆಯ ಫಾರಂ ಇತ್ತು. ಮಣ್ಣು ಎಂಥದು, ರಸ್ತೆ ಎಷ್ಟು ದೂರ, ಶಾಲೆ ಎಷ್ಟು ದೂರ, ಇಪ್ಪತ್ತೈದು ವರ್ಷ ಜನ ಬಾಳುವ ಜಾಗವೇ ಎಂದು ಕಾಲಂಗಳು. ಏಳನೆಯದರಲ್ಲಿ, ಆರಡಿ ಗುಂಡಿ ತೆಗೆಸಿ ನೀರಿನ ಮಟ್ಟ ನೋಡತಕ್ಕದ್ದು ಎಂದಿತ್ತು.

“ಗುಂಡಿ ತೆಗಿಯಪ್ಪ,” ಎಂದ ಆಫೀಸರು.

ಗುಂಡಿ ತೆಗೆಯುವುದು ಚೆನ್ನಯ್ಯನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸಾಹುಕಾರರ ಕುಲದಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಆ ಗುಂಡಿಗೆ ಸತ್ತವರ ಪಾದವೇ ಅಳತೆ, ಒಂಬತ್ತು ಪಾದ. ಮನೆಯವರು ಪಾದದುದ್ದಕ್ಕೆ ಒಂದು ಕಡ್ಡಿ ಮುರಿದು ದೂರದಿಂದ ಎಸೆದರೆ ಚೆನ್ನಯ್ಯ ಎತ್ತಿಕೊಂಡು ಅಳೆದು ತೆಗೆಯುತ್ತಾನೆ. ಅವನಪ್ಪನೂ ಹಾಗೇ ತೆಗೆದಿದ್ದ, ಅಜ್ಜನೂ. ಊರಲ್ಲಿ ಯಾವ ನೆಲ ಎಷ್ಟು ಆಳಕ್ಕೆ ಹೇಗಿದೆ ಅಂತ ಆ ಮನೆತನಕ್ಕೆ ಗೊತ್ತಿದ್ದಷ್ಟು ಯಾವ ಇಲಾಖೆಗೂ ಗೊತ್ತಿರಲಿಲ್ಲ.

ಅವನು ಒಂದು ಕಡ್ಡಿ ಹಿಡಿದು ನಿಂತ. “ಸಾ, ಅಳತಗ ಯಾರ್ ಪಾದ ಕೊಟ್ಟೀರಿ?”

“ಪಾದ ಯಾಕೆ?”

“ನಮ್ ಕಡ ಗುಂಡಿ ಅಂದ್ರ ಪಾದ್ದಳತೇಲೇ ತಗಿಯದು ಸಾ. ಬುದ್ದಿಯೋರ್ನೇ ಕೇಳಿ ಬೇಕಾದ್ರ.”

ಬುದ್ದಿಯವರ ಮುಖ ಸುಣ್ಣವಾಯಿತು. ಆ ಅಳತೆ ಯಾವುದಕ್ಕೆ ಎಂದು ಬಿಡಿಸಿ ಹೇಳಿದರೆ ಸರ್ಕಾರಿ ಮನುಷ್ಯನಿಗೆ ಅಪಶಕುನ ನುಡಿದ ಹಾಗೆ, ಹೇಳದಿದ್ದರೆ ಮನುಷ್ಯ ಬೂಟು ಬಿಚ್ಚುತ್ತಿದ್ದಾನೆ. ಅವರು ಕೆಮ್ಮಿದರು. ಆಫೀಸರು ಕಾಲುಚೀಲವನ್ನೂ ತೆಗೆದು, ಬಿಳಿಚಿಕೊಂಡಿದ್ದ ಪಾದವನ್ನು ಕಡ್ಡಿಯ ಪಕ್ಕಕ್ಕಿಟ್ಟು, “ಸರಿಯಾಗಿ ಅಳ್ಕೊಳಪ್ಪ, ನಂದು ಒಂಬತ್ತನೇ ನಂಬರು,” ಎಂದ. ಚೆನ್ನಯ್ಯನ ಹೆಂಡತಿ ರಾಚಮ್ಮ ಬಾಯಿಗೆ ಸೆರಗು ತುರುಕಿಕೊಂಡು ತಿರುಗಿ ಕೂತಳು. ಗುದ್ದಲಿ ಹಿಡಿದು ನಿಂತಿದ್ದ ಕೇರಿಯವರ ಹೆಗಲುಗಳು ಕುಲುಕುತ್ತಿದ್ದವು.

ಚೈತ್ರದ ಬಿಸಿಲಿಗೆ ಮೇಲುಮಣ್ಣು ಹಪ್ಪಳವಾಗಿತ್ತು. ಮೊಣಕಾಲಾಳಕ್ಕೆ ಇಳಿದರೂ ಪುಡಿಪುಡಿ ಒಣಮಣ್ಣೇ.

“ನೋಡ್ಬುಟ್ರಾ ಸಾರ್? ಬೆಣಚುಕಲ್ಲಿದ್ದಂಗೆ ಅದೆ,” ಎಂದರು ಪುಟ್ಟಮಲ್ಲಪ್ಪನವರು. “ಸಾಕು ಬನ್ನಿ. ಮನೇಲಿ ಒಬ್ಬಟ್ಟು ಮಾಡವ್ರೆ, ಆರೋಯ್ತದೆ.”

“ಆರಡಿ ಅಂತಿದೆಯಲ್ಲ ಫಾರಂನಲ್ಲಿ.”

“ಫಾರಂ ಆರಲ್ಲ ಸಾರ್.”

ಆಫೀಸರು ನಕ್ಕ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಗುಂಡಿ ಮುಚ್ಚಿ ಹೋಗಿರಿ ಎಂದು ಸಾಹುಕಾರರು ಜೀಪಿನಿಂದಲೇ ಕೈ ಬೀಸಿದರು. ಚೆನ್ನಯ್ಯ ಆ ಕೈಯನ್ನು ನೋಡಿ, ಇನ್ನೂ ಆಳಕ್ಕೆ ತೆಗೆ ಅಂತ ಹೇಳಿದರು ಎಂದುಕೊಂಡ. ದೂರದಿಂದ ಬೀಸಿದ ಕೈಗೆ ಯಾವ ಅರ್ಥ ಬೇಕಾದರೂ ಬರುತ್ತದೆ.

ಎರಡು ಗಂಟೆಯ ಮೇಲೆ ಅವರು ಎಲೆಅಡಿಕೆ ಜಗಿಯುತ್ತ ಬಂದಾಗ ಗುಂಡಿ ಆರಡಿ ಆಗಿತ್ತು, ತಳದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಅದರೊಳಗೆ ನಿಂತುಕೊಂಡೇ ಚೆನ್ನಯ್ಯ ಕೈಮುಗಿದ.

“ಸೂಳೆಮಕ್ಳಾ, ನೀರು ತಂದು ಸುರ್ದಿದ್ದೀರಾ?” ಸಾಹುಕಾರರ ಬಾಯಿಂದ ಅಡಿಕೆ ಹಾರಿತು. “ಸಾರ್, ಇವು ಸುರ್ದವೆ. ಕೇರಿ ಹೆಣ್ಣಾಳುಗಳನ್ನ ಕರ್ಸಿ ಕೊಡ್ದಲ್ಲಿ ಸುರ್ಸವ್ನೆ ಈ ಕಳ್ಳ.”

ರಾಚಮ್ಮ ಎದ್ದು ನಿಂತಳು. “ಯಾವ್ ನೀರ ಸುರಿಯವ ಬುದ್ದಿ? ನಿಮ್ ಬಾವೀಗ ನಮ್ ಕೊಡ ಇಳಿಸಕ್ಕ ಬುಟ್ಟಿದ್ದೀರಾ? ವಳೇ ಮರಳಲ್ಲಿ ಊಟೆ ಗುಂಡಿ ತೋಡಿ ಒಂದ್ ಬಿಂದ್ಗ ತುಂಬಕ್ಕ ವತ್ತಾರಿಂದ ಮಜ್ಜಾನಗಂಟ ಆಯ್ತದ. ಕುಡಿಯಕ್ಕ ಇಲ್ದಿರೋ ನೀರ ತಂದು ಗುಂಡೀಗ ಉಯ್ಯಕ್ಕ ನಮ್ಗೇನ್ ಮಳ್ಳಾ?”

ಆಫೀಸರು ಸಾಹುಕಾರರ ಮುಖ ನೋಡಿದ. ಅವರು ಬೆಟ್ಟದ ಕಡೆ ನೋಡಿದರು.

“ನಿಮ್ ಅಪ್ಪಾಜಿಗೂ ಮೊದ್ಲು ಇಲ್ಲೇ ತಗದಿದ್ದೋ ಬುದ್ದಿ,” ಎಂದ ಚೆನ್ನಯ್ಯ ಗುಂಡಿಯೊಳಗಿನಿಂದ, ಹಳೇ ನಂಟರ ಸುದ್ದಿ ತೆಗೆದವನ ಹಾಗೆ. “ಇಂಗೇ ನೀರ್ ಬಂತು. ನಮ್ಮಣ್ಣ ನೀರಲ್ಲಿ ಕೂರದಿಲ್ಲ ಅಂದ್ರು ನಿಮ್ ಚಿಕ್ಕಪ್ನೋರು. ತೆಂಗಿನ್ ತೋಟುಕ್ಕ ಓಗಿ ಒಣಗಿರೋ ತಾವು ತಗದು ಕೂರಿಸ್ದೋ. ಸತ್ತೋರ್ಗ ಆಗ್ದಿರೋ ನೆಲ ಬದ್ಕಿರೋರ್ಗ ಆಯ್ತದ ಅಂದ್ರ, ನೀವ್ ದೊಡ್ಡೋರು, ಯೋಳುದ್ರ ಸರಿ.”

ಆಫೀಸರು ಏಳನೇ ಕಾಲಂನಲ್ಲಿ ಏನೋ ಬರೆದು, “ಆ ಇನ್ನೊಂದು ಜಾಗವನ್ನೂ ನೋಡಿಬಿಡೋಣ,” ಎಂದ.

“ಅದು ಆಗಲ್ಲ ಸಾರ್,” ಎಂದರು ಪುಟ್ಟಮಲ್ಲಪ್ಪನವರು, ದುಃಖದ ದನಿಯಲ್ಲಿ. “ಅಲ್ಲಿ ನಮ್ ಮುತ್ತಾತನ ಗದ್ದುಗೆ ಅದೆ.”

ಇತ್ತು ಗದ್ದುಗೆ. ಕಲ್ದಿಣ್ಣೆಯ ನೆತ್ತಿಯ ಮೇಲೆ ಗೇಣೆತ್ತರದ ಒಂದು ಕಲ್ಲು ನಿಂತಿತ್ತು. ಮೂರು ಬೆರಳ ವಿಭೂತಿ, ಎರಡು ಕಣಗಿಲೆ ಹೂವು. ಬುಡದ ಮಣ್ಣು ಇನ್ನೂ ಹಸಿಯಾಗಿತ್ತು. ಮುತ್ತಾತ ಕೂತು ಎರಡು ದಿನವೂ ಆಗಿರಲಿಲ್ಲ.

ಚೆನ್ನಯ್ಯ ಕಲ್ಲನ್ನು ನೋಡಿದ. ಸಾಹುಕಾರರು ಚೆನ್ನಯ್ಯನನ್ನು ನೋಡಿದರು. ಬಾಯಿಬಿಟ್ಟರೆ ನಾಳೆಯಿಂದ ಕೂಲಿ ಇಲ್ಲ ಅಂತ ಆ ನೋಟದಲ್ಲೇ ಬರೆದಿತ್ತು. ಕೇರಿಯವರೆಲ್ಲ ಕಾದರು, ಈಗ ಹೇಳುತ್ತಾನೆ, ಊರಿನ ಗುಂಡಿಯೆಲ್ಲ ತೆಗೆದವನು, ಸುಳ್ಳು ಅನ್ನುತ್ತಾನೆ ಅಂತ. ಚೆನ್ನಯ್ಯ ತಲೆಯ ವಸ್ತ್ರ ಬಿಚ್ಚಿ ಕಂಕುಳಿಗಿಟ್ಟು ಅಡ್ಡಬಿದ್ದ.

“ದಿಟ ಸಾ. ದೊಡ್ ಜೀವ. ಇವ್ರ್ ಮುತ್ತಾತ್ನ ನಮ್ ಮುತ್ತಾತ್ನೇ ಕೂರಿಸಿದ್ದು.”

“ನಿನ್ ಬಾಯ್ಗ ಮಣ್ಣಾಕ,” ಎಂದಳು ರಾಚಮ್ಮ, ಎಲ್ಲರಿಗೂ ಕೇಳುವ ಹಾಗೆ.

ಸಾಹುಕಾರರ ಮೀಸೆ ಅರಳಿತು. ಚೆನ್ನಯ್ಯ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ. “ಬರ್ಕಳಿ ಸಾ. ಇಂಥಾ ತಾವ್ಲಿ ನಮ್ಮಂಥೋರ್ ಗುಡ್ಲು ಆಕದಾ? ಪಾಪ ಸುತ್ಕತದ. ಗುಡ್ಲು ಬ್ಯಾಡ, ಸ್ಕೂಲು ಬ್ಯಾಡ, ಮಿಲ್ಲು ಗಿಲ್ಲು ಯಾನೂ ಬ್ಯಾಡ. ದಿಣ್ಣೆ ಮ್ಯಾಲ ಒಂದ್ ಇಟ್ಗನೂ ಮಡಗ್ಬಾರ್ದು ಅಂತ ಬರ್ಕಳಿ. ದೊಡ್ಡೋರ್ ಎದಿ ಮ್ಯಾಲ ಮಿಲ್ಲು ಗಡಗಡ ಅಂದ್ರ ಅವ್ರ್ ಸುಮ್ನಿದ್ದಾರಾ? ಅಲ್ವಾ ಬುದ್ದಿ?”

ಅರಳಿದ್ದ ಮೀಸೆ ಅಲ್ಲೇ ನಿಂತಿತು.

“ಸರಿಯಲ್ಲವೇ? ಸಮಾಧಿ ಸ್ಥಳ ಅಂದಮೇಲೆ ಎಲ್ಲ ಕಟ್ಟಡಕ್ಕೂ ಒಂದೇ ರೂಲು,” ಎಂದ ಆಫೀಸರು, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡು. “ಯಾವುದೇ ಕಟ್ಟಡಕ್ಕೆ ಯೋಗ್ಯವಲ್ಲ. ನಿಮ್ಮ ಹೇಳಿಕೆ ಇದು, ಒಂದು ಸಹಿ ಹಾಕಿಬಿಡಿ.”

ಸಹಿ ಹಾಕಿದರೆ ಮಿಲ್ಲಿಗೆ ಕುತ್ತು. ಹಾಕದಿದ್ದರೆ ಮುತ್ತಾತ ಸುಳ್ಳಾಗುತ್ತಾನೆ, ಹೊಟ್ಟೆಯಲ್ಲಿ ಒಬ್ಬಟ್ಟು ಇರುವಾಗಲೇ ಆಫೀಸರು ದಿಣ್ಣೆಯನ್ನು ಕೇರಿಗೆ ಬರೆಯುತ್ತಾನೆ. ಮಿಲ್ಲಿನದನ್ನು ಮುಂದೆ ಮೈಸೂರಲ್ಲೇ ನೋಡಿಕೊಂಡರಾಯಿತೆಂದು ಪುಟ್ಟಮಲ್ಲಪ್ಪನವರು ಪೆನ್ನು ತೆಗೆದುಕೊಂಡರು. ಗುಂಡಿ ತೆಗೆದ ಮನೆಯವನ ಸಾಕ್ಷಿಯೂ ಬೇಕಲ್ಲವೇ ಅಂತ ಚೆನ್ನಯ್ಯ ಹೆಬ್ಬೆಟ್ಟು ಮುಂದೆ ಚಾಚಿದ. ಹೆಬ್ಬೆಟ್ಟು ಒತ್ತಿದವನಿಗೆ ಕಾಪಿ ಕೊಡಬೇಕೆಂಬ ರೂಲು ಇದೆಯೋ ಇಲ್ಲವೋ, ಅವನು ಕೈಚಾಚಿಕೊಂಡೇ ನಿಂತಿದ್ದರಿಂದ ಕಾರ್ಬನ್ ಪ್ರತಿಯೊಂದು ಅವನ ಕೈಗೆ ಬಂತು.

ಆ ಸಂಜೆ ರಾಚಮ್ಮ ಅವನಿಗೆ ಮುದ್ದೆ ಹಾಕಲಿಲ್ಲ. “ಒಣ ನೆಲನ ಸತ್ತೋರ್ಗ ಬರ್ಕೊಟ್ಟು ಬಂದವ್ನ,” ಎಂದು ನೆರೆಯವಳಿಗೆ ಹೇಳಿದಳು. “ಅದೂ ಯಾರ್ಗ? ಉಟ್ಟೇ ಇಲ್ದಿರೋ ಸತ್ತೋರ್ಗ.” ಚೆನ್ನಯ್ಯ ನಕ್ಕ. ಆದರೆ ಮಲಗಿದಾಗ ಅವನಿಗೂ ಹೆದರಿಕೆಯಾಯಿತು. ಚೇಷ್ಟೆ ಮಾಡಲು ಹೋಗಿ ಮೊಮ್ಮಗಳ ನೆಲವನ್ನೇ ಕಳೆದೆನಾ ಅನ್ನಿಸಿತು.

ಆರು ತಿಂಗಳಿಗೆ ಆರ್ಡರು ಬಂತು. ಜೌಗು ನೆಲ, ಮಣ್ಣು ತುಂಬಿದಲ್ಲಿ ನಿವೇಶನಕ್ಕೆ ಯೋಗ್ಯ. ಮಣ್ಣು ಯಾರು ತುಂಬಬೇಕೆಂದು ಆರ್ಡರಿನಲ್ಲಿ ಇರಲಿಲ್ಲ. ಗುಮಾಸ್ತನೊಬ್ಬ ನಂಬರು ಬರೆದ ನಲವತ್ತೆರಡು ಗೂಟ ಹೊಡೆಸಿ ಹೋದ. ಅದೇ ವಾರ ಚಿತ್ತೆ ಮಳೆ ಹಿಡಿಯಿತು. ಬಿಳಿಗಿರಿ ಬೆಟ್ಟದಲ್ಲಿ ಮೂರು ದಿನ ಬಿಡದೆ ಸುರಿದು ಹೊಳೆ ಜೌಗಿನ ತುಂಬ ಹರಡಿಕೊಂಡಿತು. ಗೂಟಗಳು ಕಿತ್ತು ತೇಲಿದವು. ಚೆನ್ನಯ್ಯನ ಹದಿನೇಳನೇ ನಂಬರು ಜಾಲಿಮುಳ್ಳಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು.

ಮಳೆ ನಿಂತು ಹೊಳವಾದ ಬೆಳಗ್ಗೆ ಪುಟ್ಟಮಲ್ಲಪ್ಪನವರ ಇಟ್ಟಿಗೆ ಗಾಡಿಗಳು ಕಲ್ದಿಣ್ಣೆ ಹತ್ತಿದವು. ಮೈಸೂರಲ್ಲಿ ಅವರು ನೋಡಿಕೊಂಡಿದ್ದರೆಂದು ಕಾಣುತ್ತದೆ. ಆದರೆ ಗಾಡಿಗಳಿಗಿಂತ ಮುಂಚೆ ಕೇರಿ ಹತ್ತಿತ್ತು. ಬಿದಿರ ಗಳು, ಸೋಗೆ, ಈಚಲ ಚಾಪೆ, ಕೋಳಿ, ಮಕ್ಕಳು. ಸಾಹುಕಾರರು ಛತ್ರಿ ಹಿಡಿದು ಮೇಲೆ ಬರುವ ಹೊತ್ತಿಗೆ ಐದು ಗುಡಿಸಲಿಗೆ ಗಳು ನೆಟ್ಟಾಗಿತ್ತು. ನೆತ್ತಿಯ ಮೇಲೆ ರಾಚಮ್ಮ ಒಲೆ ಹೂಡಿದ್ದಳು. ಎರಡು ಕಲ್ಲು ಅವಳೇ ತಂದದ್ದು. ಮೂರನೆಯದು ಅಲ್ಲೇ ಇತ್ತು. ಮಳೆಗೆ ವಿಭೂತಿ ತೊಳೆದುಹೋಗಿತ್ತು.

“ಯಾವಳ್ಲಾ ಅವ್ಳು?” ಅವರು ಒಲೆಯ ಹತ್ತಿರಕ್ಕೆ ನುಗ್ಗಿದರು. “ನಮ್ ಮುತ್ತಾತನ ತಲೆ ಮ್ಯಾಲೆ ಮಡಕೆ ಮಡಗಿರೋ ಮುಂಡೆ ಯಾವಳು?”

ಚೆನ್ನಯ್ಯ ಮೊಮ್ಮಗಳನ್ನು ಹೆಗಲಿಂದ ಇಳಿಸಿ, ಎಲೆಅಡಿಕೆ ಚೀಲದಿಂದ ಮಡಿಸಿದ ಕಾರ್ಬನ್ ಪ್ರತಿ ತೆಗೆದ. ಓದು ಬಾರದಿದ್ದರೂ ಅದನ್ನು ನೆಟ್ಟಗೆ ಬಿಡಿಸಿ ಹಿಡಿದ.

“ಬುದ್ದಿ, ಇದು ನಿಮ್ ಮುತ್ತಾತ್ನೋ, ಕಲ್ಲೋ? ಒಂದ್ ಮಾತ ಯೋಳ್ಬುಡಿ. ಮುತ್ತಾತ ಅಂದ್ರ ಈಗ್ಲೇ ಒಲ ಆರಿಸ್ತೀವಿ, ತಪ್ಪಾಯ್ತು ಅಂತ ಕಾಲ್ಗ ಬೀಳ್ತೀವಿ, ಎದ್ದು ಓಯ್ತೀವಿ. ನಿಮ್ ಗಾಡಿಗೋಳೂ ನಮ್ ಇಂದ್ಲೇ ಇಳೀಲಿ. ಇದ್ರಲ್ಲಿ ಅಂಗೇ ಅದ, ನಿಮ್ದೇ ಸೈನು. ಅಲ್ಲ, ಬರೀ ಕಲ್ಲು ಅಂದ್ರ, ಗೋಮಾಳದ್ ಕಲ್ಲಿನ್ ಮ್ಯಾಲ ಇಟ್ಟು ಬೇಯ್ಸಿದ್ರ ಯಾರಪ್ಪಂದ್ ಗಂಟ್ ಓಯ್ತದ?”

ಪುಟ್ಟಮಲ್ಲಪ್ಪನವರು ಬಾಯಿ ತೆರೆದರು. ಗಾಡಿಯವರು, ಕೇರಿಯವರು, ಕೋಳಿಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದ ಮುದುಕಿ ಕೆಂಪಾಜಮ್ಮ, ಎಲ್ಲರೂ ಅವರ ಬಾಯನ್ನೇ ನೋಡಿದರು. ಬಾಯಿ ಮುಚ್ಚಿತು. ಮತ್ತೆ ತೆರೆಯಿತು.

“ಬುದ್ದಿ,” ಎಂದ ಮುಂದಿನ ಗಾಡಿಯವನು, ಎತ್ತು ಜಾರದಂತೆ ಹಗ್ಗ ಜಗ್ಗಿಕೊಂಡು. “ಇಟ್ಗ ಇಳಿಸದಾ, ವಾಪಸ್ ಒಡಿಯದಾ?”

ರಾಚಮ್ಮ ಹಸಿ ಸೌದೆಯನ್ನು ಒಳಕ್ಕೆ ತಳ್ಳಿ ಊದುಕೊಳವೆಯಿಂದ ಊದಿದಳು. ಹೊಗೆ ಎದ್ದು ಸಾಹುಕಾರರ ಛತ್ರಿಯ ಒಳಗೆ ತುಂಬಿಕೊಂಡಿತು. ಎಸರು ಕುದಿಯತೊಡಗಿತು. ಒಲೆಯ ಮೂರು ಕಲ್ಲುಗಳೂ ಒಂದೇ ಸಮ ಕಪ್ಪಾಗುತ್ತಿದ್ದವು.