ನಿಂತ ಅಲೆಯ ಕೆಳಗೆ

ಹವಾಮಾನ ಕಚೇರಿಯಲ್ಲಿ ಮೇಲ್ಗಾಳಿಯ ನಕ್ಷೆ ನೋಡುವ ಕೆಲಸ ಅವಳದು. ಭೂಮಿಯನ್ನು ಸುತ್ತುವ ಆ ಗಾಳಿ ನೆಟ್ಟಗೆ ಹೋಗುವುದಿಲ್ಲ, ಅಲೆಯಲೆಯಾಗಿ ಬಳುಕುತ್ತ ಸಾಗುತ್ತದೆ. ಆ ಬೇಸಿಗೆಯಲ್ಲಿ ಅಲೆಗಳು ಸರಿಯುವುದನ್ನೇ ಮರೆತು ಇದ್ದಲ್ಲೇ ಬೇರುಬಿಟ್ಟವು. ಅಲೆಯ ಒಂದು ಉಬ್ಬು ನೇರ ಊರಿನ ನೆತ್ತಿಯ ಮೇಲೆ ಕೂತಿತು. ಅದರಾಚೆಯ ತಗ್ಗಿನ ಕೆಳಗೆ, ದೂರದ ದೇಶದಲ್ಲಿ ನೆರೆ. ಇಲ್ಲಿ ಉಸಿರುಗಟ್ಟಿಸುವ ಧಗೆ.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. "ಈ ಸೆಕೆ ಬೇಗ ಹೋಗಲ್ಲ ಅಕ್ಕ, ವಾರಗಟ್ಟಲೆ ಇರುತ್ತೆ," ಎಂದು ಊಟಕ್ಕೆ ಕೂತಾಗ ಹೇಳಿದಳು.

ಮೀನು ವ್ಯಾಪಾರಿಯಾದ ಭಾವ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿ, "ಖಂಡಿತಾನಾ?" ಎಂದ.

ಮರುದಿನವೇ ಅವನು ಊರಿನ ಐಸ್ ಕಾರ್ಖಾನೆಗಳ ಮಾಲನ್ನೆಲ್ಲ ಕೊಂಡು ಗೋದಾಮಿಗೆ ತುಂಬಿಕೊಂಡ. ಅವಳಿಗೆ ಅದು ತಿಳಿದದ್ದು ಕರೆಂಟು ಕೈಕೊಟ್ಟ ಮೇಲೆ. ಕಚೇರಿಯಿಂದ ಬರುವಾಗ ಅವನ ಗೋದಾಮಿನ ಮುಂದೆ ಜನ ಹೇಳಿದಷ್ಟು ಬೆಲೆಗೂ ಪಾತ್ರೆ ಹಿಡಿದು ಮುಗಿಬಿದ್ದಿದ್ದರು. ಮೀನು ಕೊಯ್ಯುವ ನೆಲದ ಮೇಲೇ ಐಸು ಒಡೆಯುತ್ತಿದ್ದರು. ಚೂರುಗಳಿಗೆ ಮೀನಿನ ಹುರುಪೆ ಮೆತ್ತಿತ್ತು, ರಕ್ತದ ಎಳೆಯಿತ್ತು. ಒಬ್ಬ ತಾಯಿ ಅದನ್ನೇ ಅಂಗೈಯಲ್ಲಿ ಉಜ್ಜಿ ಮಗುವಿನ ಬಾಯಿಗಿಟ್ಟಳು.

ಎದುರುಮನೆಯ ದರ್ಜಿ ಅಂಗಲಾಚುತ್ತಿದ್ದ. "ಅಪ್ಪನ ಮೈ ಕೆಂಡ ಆಗಿದೆ. ಒಂದು ಗಡ್ಡೆ ಕೊಡಿ ಸಾಕು."

"ಉಳಿದಿದ್ದು ಹೋಟೆಲಿನವರಿಗೆ. ಮಾತು ಕೊಟ್ಟಾಗಿದೆ," ಎಂದ ಭಾವ ಹಲ್ಲುಕಡ್ಡಿ ಆಡಿಸುತ್ತ.

ಅವಳೇ ಒಂದು ಗಡ್ಡೆ ಎತ್ತಿ ದರ್ಜಿಯ ಕೈಗಿಟ್ಟಳು. ಮುದುಕ ಉಳಿಯಲಿಲ್ಲ. ಅವಳ ಬೆರಳಿಗೆ ಅಂಟಿದ ನಾತ ಸೋಪಿಗೂ ಬಗ್ಗಲಿಲ್ಲ.

"ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು!" ಎನ್ನುತ್ತ ಭಾವ ಅವಳಿಗೊಂದು ಕೈಗಡಿಯಾರ ತಂದ. ಅವಳು ಮುಟ್ಟಲಿಲ್ಲ. ಅವನ ನಗುವಿನಲ್ಲಿ ಹಲ್ಲಿನ ಸಂದಿಯ ಅನ್ನದಗುಳು ಕಾಣುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ನಕ್ಷೆಯಲ್ಲಿ ಉಬ್ಬು ಸಡಿಲವಾಯಿತು. ಇನ್ನೇನು ಮಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಭಾವ ಅವಳ ಮುಖದಲ್ಲೇ ಅದನ್ನು ಓದಿಬಿಟ್ಟ.

"ರೇಡಿಯೋದವರಿಗೆ ಎರಡು ದಿನ ಬಿಟ್ಟು ಹೇಳಮ್ಮ. ಗೋದಾಮು ತುಂಬಿದೆ."

"ಮನೆಯವರ ಮಾತು ಕೇಳೇ," ಎಂದಳು ಅಕ್ಕ, ತಂಗಿಯ ತಟ್ಟೆಗೆ ಇನ್ನಷ್ಟು ಬಡಿಸುತ್ತ. "ನಿನ್ನ ಗಂಟೇನು ಹೋಗುತ್ತೆ?"

ಅಕ್ಕನ ಆ ಮಾತು ಭಾವನ ಮಾತಿಗಿಂತ ಹೆಚ್ಚು ಹೇಸಿಗೆ ತಂದಿತು. ಬಚ್ಚಲಿಗೆ ಓಡಿ ಉಂಡದ್ದನ್ನೆಲ್ಲ ಕಾರಿಕೊಂಡು, ಬಾಯಿ ಮುಕ್ಕಳಿಸಿ, ಸೀದಾ ರೇಡಿಯೋ ಕೇಂದ್ರಕ್ಕೆ ನಡೆದಳು. "ಅಲೆ ಕದಲಿದೆ, ಮೋಡ ಬರ್ತಿದೆ, ಯಾರೂ ದುಬಾರಿಗೆ ಐಸು ಕೊಳ್ಬೇಡಿ," ಎಂದು ತಾನೇ ಮೈಕಿನಲ್ಲಿ ಹೇಳಿದಳು.

ಸಂಜೆಯೊಳಗೆ ಹೋಟೆಲಿನವರು ಐಸು ಬೇಡವೆಂದು ಕೈಯೆತ್ತಿದರು. ಗೋದಾಮಿನಿಂದ ಕರಗಿದ ಐಸಿನ ಕೆಂಪು ನೀರು ಬೀದಿಗೆ ಹರಿದು, ನೊಣ ಮುತ್ತಿ, ಓಣಿಯೆಲ್ಲ ಗಬ್ಬೆದ್ದಿತು. ಮಳೆ ಬಂದಾಗ ಜನ ಕುಣಿದರು. ಅವಳಿಗೆ ಕುಣಿಯಲಾಗಲಿಲ್ಲ, ಉಬ್ಬು ಈಗ ಇನ್ಯಾರದೋ ಊರಿನ ಮೇಲೆ ಕೂತಿರುವುದನ್ನು ನಕ್ಷೆಯಲ್ಲಿ ಕಂಡಿದ್ದಳು.

ಅವಳು ಕಚೇರಿಯ ಬಳಿ ಬೇರೆ ಕೋಣೆ ಹಿಡಿದಳು. ತಿಂಗಳಾದ ಮೇಲೆ ಅಕ್ಕ ಫೋನು ಮಾಡಿದಳು.

"ಭಾವ ಎಲ್ಲಾ ಮರೆತಿದಾರೆ ಕಣೇ. ಬಾ, ಒಟ್ಟಿಗೆ ಊಟ ಮಾಡೋಣ." ಆಮೇಲೆ ದನಿ ತಗ್ಗಿಸಿದಳು. "ಮುಂದಿನ ಬೇಸಿಗೆ ಹೇಗಿರುತ್ತೆ ಅಂತ ಕೇಳ್ತಿದಾರೆ."