ಬೇವಿನಕುಂಟೆ ಹಾಲ್ಟಿನ ತಲೆ ಎಣಿಕೆ

ಬನಶಂಕರಿ ಗುಡಿಯಿಂದ ಪಡುವಕ್ಕೆ ನಡೆದರೆ ಮೈಸೂರು ಲೈನಿನ ಮೇಲೆ ಬೇವಿನಕುಂಟೆ ಹಾಲ್ಟ್. ತಗಡಿನ ಮಾಡು, ಒಂದು ಮಣ್ಣಿನ ದಿಬ್ಬ, ಅಷ್ಟೇ ಕಣ್ರೀ. ಆದರೂ ಊರಿನ ಹೂವು, ಹಾಲು, ಸೊಪ್ಪು ಪೇಟೆ ಸೇರುತ್ತಿದ್ದದ್ದು ಅಲ್ಲಿಂದಲೇ. ಐವತ್ತೆರಡನೇ ಇಸವಿಯಲ್ಲಿ ಚಿಕ್ಕಬೈರಪ್ಪ ತನ್ನ ಹುರುಳಿ ಹೊಲವನ್ನು ರೈಲಿನವರಿಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದಕ್ಕೇ ಅದು ಬಂದದ್ದು. ಅವನ ಮಗ ಬೈರಣ್ಣ ಅಲ್ಲಿ ಟಿಕೆಟ್ ಕೊಡುತ್ತಿದ್ದ.

ಐವತ್ತೆಂಟರಲ್ಲಿ ರೈಲಿನವರ ಕಾಗದ ಬಂತು. ಜನ ಸಾಲದು, ಹಾಲ್ಟ್ ಎತ್ತಿಬಿಡ್ತೀವಿ. ಸೋಮವಾರ ಬೆಳಗಿನ ಗಾಡಿಗೆ ಸಾಹೇಬರು ಬಂದು ತಲೆ ಎಣಿಸ್ತಾರೆ, ಐವತ್ತಿದ್ದರೆ ಉಳಿಯುತ್ತೆ ಅಂತ. ಬೈರಣ್ಣ ಮನೆಮನೆ ಸುತ್ತಿ ಕೈ ಮುಗಿದ. ಎಲ್ಲರೂ ಒಪ್ಪಿದರು. ಹಾಸಿಗೆ ಹಿಡಿದಿದ್ದ ಚಿಕ್ಕಬೈರಪ್ಪನಿಗೂ ಅದೇ ಜಪ.

ಸೋಮವಾರ ಕೋಳಿ ಕೂಗೋ ಹೊತ್ತಿಗೆ ಮುದುಕ ಕಣ್ಣು ಮುಚ್ಚಿದ. ಹಾಳಾದ್ದು, ಇನ್ನೆರಡು ಗಂಟೆ ತಡೆಯಬಾರದಿತ್ತೆ! ಊರಲ್ಲಿ ಹೆಣ ಇರುವಾಗ ಒಬ್ಬರೂ ಗಡಿ ದಾಟುವಂತಿಲ್ಲ. ಅದು ಬೇವಿನಕುಂಟೆಯ ಕಟ್ಟಳೆ.

"ಅವ್ವಾ, ಗಾಡಿ ಹೋಗೋಗಂಟ ಅಳಬೇಡ, ನಿನ್ ದಮ್ಮಯ್ಯ" ಅಂದ ಬೈರಣ್ಣ.

"ಅಯ್ಯೋ ಪಾಪಿ, ಗಂಡ ಸತ್ತೌನೆ, ಬಾಯಿ ಮುಚ್ಕೊಂಡು ಕೂತ್ಕಳ್ಳಾ?" ಅಂದಳು ತಾಯಿ ಸೊಣ್ಣಮ್ಮ.

"ಅಪ್ಪನ ಹಾಲ್ಟ್ ಅವ್ವಾ ಅದು."

ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದಳು.

ಹಾಲ್ಟಿಗೆ ಅರವತ್ತೆರಡು ಜನ ಬಂದಿದ್ದರು. "ಅಪ್ಪ ಹೆಂಗವ್ನೋ?" ಅಂದ ಪಟೇಲ ಗಂಗಾಧರಯ್ಯ. "ಮಲಗವ್ನೆ" ಅಂದ ಬೈರಣ್ಣ. ಮುಂದಿನವರಿಗೆ ಟಿಕೆಟ್ ಕೊಟ್ಟ. ಸಾಹೇಬರು ಎಣಿಸಿ, ಬೆನ್ನು ತಟ್ಟಿ, ಅದೇ ಗಾಡಿ ಹತ್ತಿದರು. ಊರ ಗಂಡಸರೆಲ್ಲ ಅದರಲ್ಲೇ ಪೇಟೆಗೆ ಹೋದರು.

ಸೊಣ್ಣಮ್ಮ ಆಮೇಲೆ ಅತ್ತಳು. ಹೆಣ ಎತ್ತೋಕೆ ಊರಲ್ಲಿ ಗಂಡಸು ಅಂತ ಯಾರಿದ್ದರು? ಸಂಜೆ ಗಾಡಿಯಿಂದ ಇಳಿದವರಿಗೆ ದಿಬ್ಬದ ಮೇಲೇ ಸುದ್ದಿ ತಿಳಿಯಿತು.

"ಯಾವಾಗ?" ಅಂದ ಗಂಗಾಧರಯ್ಯ.

ಬೈರಣ್ಣನಿಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಕೋಳಿ ಕೂಗೋವಾಗ."

"ಹೆಣ ಇಟ್ಕೊಂಡು ನಮ್ಮನ್ನ ಗಡಿ ದಾಟಿಸ್ದೇನೋ, ಮನೆಹಾಳ!"

ಗಂಗಾಧರಯ್ಯ ಟವಲ್ ಕೊಡವಿ ನಡೆದ. ಹಿಂದೆಯೇ ಎಲ್ಲರೂ. ಬೈರಣ್ಣನ ಮನೆ ಮುಂದೆ ಯಾರೂ ನಿಲ್ಲಲಿಲ್ಲ, ಸೀದಾ ಕೆರೆಗೆ ಹೋಗಿ ಮುಳುಗಿ ಎದ್ದರು.

ಚಟ್ಟಕ್ಕೆ ಹೆಗಲು ಕೊಟ್ಟವರು ಲೈನಿನ ಹಳಿ ಕೆಲಸದ ಮೂವರು ಗ್ಯಾಂಗ್‌ಮನ್‌ಗಳು, ತಮಿಳರು. ನಾಲ್ಕನೆಯವನು ಬೈರಣ್ಣನೇ. ಹಾಗಾಗಿ ಮಗ ಹಿಡಿಯಬೇಕಾದ ಬೆಂಕಿ ಮಡಕೆಯನ್ನು ಸೊಣ್ಣಮ್ಮ ಹಿಡಿದು ಮುಂದೆ ನಡೆದಳು. ಹೆಂಗಸು ಬರಬಾರದು ಅನ್ನೋಕಾದರೂ ಒಬ್ಬರು ಬೇಕಲ್ಲ!

ಹಾಲ್ಟ್ ಉಳಿಯಿತು. ಮಾರನೆಯ ಬೆಳಿಗ್ಗೆ ಗಾಡಿ ನಿಂತಿತು. ಊರಿನವರು ದೂರದ ಬದುವಿನ ಮೇಲೆ ಬುಟ್ಟಿ ಹೊತ್ತು ಪೇಟೆಗೆ ಕಾಲುನಡಿಗೆಯಲ್ಲೇ ಹೊರಟಿದ್ದರು.

"ಏನಯ್ಯಾ, ನಿನ್ನೆ ಅಷ್ಟೊಂದು ಜನ, ಇವತ್ತು ಯಾರೂ ಇಲ್ವಲ್ಲ?" ಅಂದ ಗಾರ್ಡ್.

"ಬರಲ್ಲ ಸಾಮಿ. ನಾಳೇನೂ ಬರಲ್ಲ" ಅಂದ ಬೈರಣ್ಣ, ಅಂದವನು ಹಾಗೇ ಕುಸಿದು ಕೂತು ಅತ್ತುಬಿಟ್ಟ.